ಹೊಗೆ ಬಾರದ ಕಾರು

೧೯೯೮ರಲ್ಲಿ ನಾನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಫ್ಯುಯಲ್ ಇಂಜೆಕ್ಷನ್ ವರ್ಕ್‌ಶಾಪ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಹರಿಹರದ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ವರ್ಕ್‌ಶಾಪಿಗೆ ಬರುತ್ತಿದ್ದವೆಲ್ಲ ಡೀಸೆಲ್ ಗಾಡಿಗಳೇ: ಲಾರಿ, ಟ್ರ್ಯಾಕ್ಟರ್, ಜೀಪು. ಪೆಟ್ರೋಲ್ ಟರ್ಬೊ ಕಾರು ನನ್ನ ಬಾಗಿಲಿಗೆ ಬಂದದ್ದು ಒಂದೇ ಒಂದು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾರು ದೇವರಾಜ ಅರಸು ಬಡಾವಣೆಯ ಮಹಾರುದ್ರಪ್ಪನವರದು. ಅಕ್ಕಿ ಗಿರಣಿ, ನಾಲ್ಕಾರು ಲಾರಿ ಇದ್ದ ಮನೆತನ. ತಮ್ಮ ತೀರಿಕೊಂಡ ಮೇಲೆ ಅವನ ಮಗ ಕಿರಣನನ್ನು ಸ್ವಂತ ಮಗನಿಗಿಂತ ಹೆಚ್ಚಾಗಿ ಸಾಕಿದವರು. ಹುಡುಗನಿಗೆ ಕಾರು ಓಟದ ರ್‍ಯಾಲಿ ಹುಚ್ಚು. ಅವನಿಗಾಗಿಯೇ ಆ ವಿದೇಶಿ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದ್ದರು. ಬೆಂಗಳೂರಿನ ಒಂದು ರ್‍ಯಾಲಿ ತಂಡದ ಮ್ಯಾನೇಜರ್, ಕಿರಣ ಓಡಿಸುವುದನ್ನು ಕಣ್ಣಾರೆ ನೋಡಲು ಒಪ್ಪಿದ್ದರು. ಮೆಚ್ಚಿದರೆ ತಂಡದಲ್ಲಿ ಡ್ರೈವರ್ ಜಾಗ. ಇಲ್ಲದಿದ್ದರೆ ಗಿರಣಿಯಲ್ಲಿ ದೊಡ್ಡಪ್ಪನ ಪಕ್ಕದ ಕುರ್ಚಿ. ಅವನಿಗೆ ಆ ಕುರ್ಚಿ ಬೇಡವಾಗಿತ್ತು.

ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿನೊಳಕ್ಕೆ ಗಾಳಿ ತುರುಕುವ ಫ್ಯಾನು. ಆ ಗಾಳಿಯ ಒತ್ತಡವೇ ಬೂಸ್ಟ್. ಕಂಪನಿಯಿಂದ ಬಂದಾಗ ಅದು ಬಾರ್ ಎಂಬ ಒತ್ತಡದ ಅಳತೆಯಲ್ಲಿ ೦.೫ ಇತ್ತು. ಕಿರಣನಿಗೆ ೦.೮ ಬೇಕಿತ್ತು. ಗಾಳಿ ಹೆಚ್ಚಿಸುವುದು ದೊಡ್ಡ ಕೆಲಸವಲ್ಲ. ಅದಕ್ಕೆ ತಕ್ಕ ಪೆಟ್ರೋಲ್ ಒದಗಿಸುವುದರಲ್ಲೇ ಎಲ್ಲ ಇರುವುದು.

ಪ್ರೆಶರ್ ಗೇಜಿಗೆ ಉದ್ದನೆಯ ಹೋಸ್ ಹಾಕಿ, ಗೇಜನ್ನು ಮುಂದಿನ ಗಾಜಿಗೆ ಹೊರಗಿನಿಂದ ಅಂಟಿಸಿ, ಹೆದ್ದಾರಿಯಲ್ಲಿ ಓಡಿಸಿ ನೋಡಿದೆವು. ಬೂಸ್ಟ್ ೦.೮ಕ್ಕೆ ಏರಿದಾಗ ಪೆಟ್ರೋಲಿನ ಒತ್ತಡ ೨.೫ ಬಾರಿನಿಂದ ೩.೩ಕ್ಕೆ ಏರಬೇಕು. ಅದು ೨.೬ರಲ್ಲೇ ಏದುಸಿರು ಬಿಡುತ್ತಿತ್ತು. ಹಳೆಯ ಪಂಪಿಗೆ ಅಷ್ಟು ಪೆಟ್ರೋಲ್ ತಳ್ಳುವ ತಾಕತ್ತಿರಲಿಲ್ಲ. ದೊಡ್ಡ ಪಂಪು ಹಾಕಿದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಿದೆ, ಒತ್ತಡ ಹೊಂದಿಸುವ ರೆಗ್ಯುಲೇಟರ್ ಕೂರಿಸಿದೆ. ಆಮೇಲೆ ಮುಳ್ಳು ೩.೩ಕ್ಕೆ ಹೋಗಿ ಅಲ್ಲಾಡದೆ ನಿಂತಿತು. ರೆಗ್ಯುಲೇಟರಿನ ನಟ್ ಬಿಗಿದು, ಯಾರಾದರೂ ತಿರುವಿದರೆ ಗೊತ್ತಾಗಲೆಂದು ನಟ್ಟಿನಿಂದ ಅದರ ಬುಡದವರೆಗೆ ಹಳದಿ ಬಣ್ಣದ ಗೆರೆ ಎಳೆದು, ಗೇಜು ಬಿಚ್ಚಿಕೊಂಡೆ.

ಪೆಟ್ರೋಲನ್ನು ಬೇಕೆಂದೇ ಒಂದು ಗುಟುಕು ಹೆಚ್ಚು ಇಟ್ಟಿದ್ದೆ. ಹಾಗಾಗಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂದೆ ಕಪ್ಪು ಹೊಗೆ ಬರುತ್ತಿತ್ತು. ಮಹಾರುದ್ರಪ್ಪನವರಿಗೆ ಅದು ಹಿಡಿಸಲಿಲ್ಲ.

"ಏನ್ರಿ ಇಂಜಿನಿಯರ್ರೇ, ಹೊಸಾ ಪಂಪು ಹಾಕೀನಿ ಅಂತೀರಿ, ಗಾಡಿ ನೋಡಿದ್ರ ಕೆಮ್ಮಾಕತ್ತೈತಲ್ರಿ?"

ಲಾರಿ ಸಾಕಿದವರ ಲೆಕ್ಕವೇ ಅದು. ಡೀಸೆಲ್ ಎಂಜಿನ್ ಕಪ್ಪು ಹೊಗೆ ಬಿಟ್ಟರೆ ಡೀಸೆಲ್ ಕಡಿಮೆ ಮಾಡುತ್ತಾರೆ. ಹೊಗೆ ನಿಲ್ಲುತ್ತದೆ, ಎಂಜಿನ್ನೂ ತಣ್ಣಗಾಗುತ್ತದೆ. ಪೆಟ್ರೋಲ್ ಟರ್ಬೊದಲ್ಲಿ ಇದು ತಿರುಗಾಮುರುಗಾ. ಅಲ್ಲಿ ಹೆಚ್ಚಿನ ಪೆಟ್ರೋಲೇ ಒಳಗಿನ ಬಿಸಿ ಹೀರುವುದು. ಕಡಿಮೆ ಮಾಡಿದರೆ ಹೊಗೆ ನಿಲ್ಲುತ್ತದೆ ನಿಜ, ಜೊತೆಗೆ ಪಿಸ್ಟನ್ ಕರಗುತ್ತದೆ. ಇದನ್ನು ಅವರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಹೂಂ, ಹೂಂ ಎಂದು ತಲೆಯಾಡಿಸಿದರು. ಗಂಟಲು ಒಣಗಿದ್ದಷ್ಟೇ ನನಗೆ ಬಂದ ಭಾಗ್ಯ.

ಪರೀಕ್ಷೆ ಕೊಂಡಜ್ಜಿ ಕೆರೆಯ ಪಕ್ಕದ ರಸ್ತೆಯಲ್ಲಿ. ನಾನು ಬೇರೆ ಕೆಲಸಕ್ಕೆ ಹೋಗಿದ್ದ ಹರಿಹರದಿಂದ ನೇರವಾಗಿ ಅಲ್ಲಿಗೆ ಹೋಗುವಷ್ಟರಲ್ಲಿ ಮ್ಯಾನೇಜರ್ ಆಗಲೇ ಕಿರಣನ ಪಕ್ಕ ಕೂತು ಬೆಲ್ಟ್ ಬಿಗಿದುಕೊಂಡಿದ್ದರು. ಬಾನೆಟ್ ತೆರೆಸೋಣವೆಂದು ಕೈ ಎತ್ತಿದೆ, ಕಾರು ಹೊರಟೇಹೋಯಿತು.

ಏನು ಓಟ ಅದು! ನನ್ನ ಪಕ್ಕದಲ್ಲಿದ್ದ ಮಹಾರುದ್ರಪ್ಪನವರ ಮುಖ ಅರಳಿತ್ತು. ನಾನು ಕಾರಿನ ಹಿಂಭಾಗವನ್ನೇ ನೋಡುತ್ತಿದ್ದೆ. ಒಂದೆಳೆ ಹೊಗೆಯೂ ಇರಲಿಲ್ಲ.

"ಯಜಮಾನ್ರೇ, ಹೊಗೆ ಎಲ್ಲಿ?"

"ನಿನ್ನೆ ನಮ್ಮ ಲಾರಿ ಮೇಸ್ತ್ರಿ ಕಡೆ ಆ ನಟ್ಟು ಒಂಚೂರು ತಿರುವಿಸೀನ್ರಿ. ದೊಡ್ಡ ಮನ್ಷಾ ಬರ್ತಾನ, ಅವನ ಮುಂದ ನಮ್ಮ ಹುಡುಗನ ಗಾಡಿ ಹೊಗೆ ಉಗುಳಿದ್ರ ಹೆಂಗೆ? ಮರ್ಯಾದಿ ಬ್ಯಾಡೇನ್ರಿ?"

ಬೀಗರು ಬರುತ್ತಾರೆಂದು ಮನೆಗೆ ಸುಣ್ಣ ಬಳಿಸಿದವರ ಹಾಗೆ ಹೇಳಿದರು. ನಾನು ಎರಡೂ ಕೈ ಬೀಸುತ್ತ ರಸ್ತೆಗೆ ಓಡಿದೆ. ದೂರದಲ್ಲಿ ಎಂಜಿನ್ ಕಟಕಟ ಎಂದದ್ದು ಕೇಳಿಸಿತು, ಆಮೇಲೆ ಒಂದು ಪಟಾರ್ ಸದ್ದು. ಬಿಳಿ ಹೊಗೆ ಎದ್ದಿತು. ಕಾರು ಕೆರೆ ಏರಿಯ ಬಳಿ ನಿಂತುಬಿಟ್ಟಿತು.

ನಾವು ಹೋಗುವಷ್ಟರಲ್ಲಿ ಕಿರಣ ಬಾನೆಟ್ ಎತ್ತಿದ್ದ. ರೆಗ್ಯುಲೇಟರಿನ ನಟ್ ಮೇಲಿನ ಹಳದಿ ಗೆರೆ ಎರಡು ತುಂಡಾಗಿ, ಒಂದು ಅತ್ತ ಒಂದು ಇತ್ತ ನೋಡುತ್ತಿತ್ತು. ಅವನಿಗೂ ಕಂಡಿತು. ಅವನ ಕಣ್ಣು ದೊಡ್ಡಪ್ಪನ ಕಡೆ ಹೋಗಿ ಕೆಳಗಿಳಿಯಿತು.

ಮ್ಯಾನೇಜರ್ ಕೇಳಿದರು: "ಏನಾಯ್ತು?"

ನಾನು ಬಾಯಿ ತೆರೆದೆ. ಕಿರಣ ನನ್ನ ತೋಳು ಹಿಡಿದು, "ಬ್ಯಾಡ್ರಿ ಸರ್" ಎಂದು ಮೆಲ್ಲಗೆ ಅಂದ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ನಂದೇ ತಪ್ಪು ಸರ್. ಕಟಕಟ ಅಂತ ನಾಕಿಂಗ್ ಕೇಳಿಸ್ತು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಲಿಲ್ಲ" ಎಂದ.

ಅದು ಅರ್ಧ ಸುಳ್ಳು. ಕೇಳಿಸಿದ ತಕ್ಷಣ ಅವನು ಕಾಲು ತೆಗೆದದ್ದು ನನ್ನ ಕಿವಿಗೆ ಗೊತ್ತು. ಅಷ್ಟರಲ್ಲಿ ಪಿಸ್ಟನ್ ಕರಗಿಯಾಗಿತ್ತು.

ಮ್ಯಾನೇಜರ್ ಕೈ ಒರೆಸಿಕೊಂಡರು. "ಚೆನ್ನಾಗಿ ಓಡಿಸ್ತೀಯಪ್ಪ. ಆದರೆ ಎಂಜಿನ್ ಕೂಗೋದು ಕೇಳಿಯೂ ಕಾಲು ತೆಗೆಯದವನನ್ನು ನಾನು ಇಟ್ಕೊಳ್ಳೋಕೆ ಆಗಲ್ಲ." ಅಷ್ಟು ಹೇಳಿ ತಮ್ಮ ಗಾಡಿ ಹತ್ತಿದರು. ನಿಜ ಹೇಳುವ ಹಕ್ಕನ್ನು ಕಿರಣನೇ ನನ್ನ ಕೈಯಿಂದ ಕಿತ್ತುಕೊಂಡಿದ್ದ.

ಗಾಳಿಗೆ ತಕ್ಕ ಪೆಟ್ರೋಲ್ ಕೊಡುವುದನ್ನು ನಾನು ಚೆನ್ನಾಗಿಯೇ ಕಲಿತಿದ್ದೆ. ಆದರೆ ಕೆಲಸ ಎಂಜಿನ್ನಿನ ಹತ್ತಿರ ಮುಗಿಯುವುದಿಲ್ಲ, ನಟ್ ತಿರುಗಿಸುವ ಅಧಿಕಾರ ಯಾರಿಗಿದೆಯೋ ಅವರ ಹತ್ತಿರ ಮುಗಿಯುತ್ತದೆ ಎಂದು ಈ ಕಾರು ಕಲಿಸಿತು. ಅಧಿಕಾರದ ಜೊತೆ ಪ್ರೀತಿಯೂ ಇದ್ದರೆ ಯಾವ ಗೇಜೂ ಕಾಯಲಾರದು. ಟೋ ಮಾಡಿಕೊಂಡು ವಾಪಸ್ ಬರುವಾಗ ಮಹಾರುದ್ರಪ್ಪನವರು ಹುಡುಗನ ಬೆನ್ನು ಸವರಿ ಹೇಳಿದರು:

"ಹೋಗ್ಲಿ ಬಿಡೋ ತಮ್ಮಾ. ಕರೀ ಹೊಗೆ ಆದ್ರೂ ಬರ್ಲಿಲ್ಲಲ್ಲ."

"ಹೂಂ ದೊಡ್ಡಪ್ಪ" ಎಂದ ಕಿರಣ.