ಕಾಗೆ ಮುಟ್ಟದ ಅರ್ಧ ರೊಟ್ಟಿ

ಹರಿದ ಅಂಚು ಬಿಸಿಲಿಗೆ ಒಣಗಿ ಮೇಲಕ್ಕೆ ಬಾಗಿತ್ತು. ಕುಮಟಾ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಅರ್ಧ ರೊಟ್ಟಿ. ಕಾಗೆಯೊಂದು ಕುಪ್ಪಳಿಸುತ್ತ ಅದರತ್ತ ಬಂದಾಗ ನನಗರಿವಿಲ್ಲದೆ ಕೈ ಬೀಸಿ ಓಡಿಸಿದೆ. ಆಮೇಲೆ ಹೊಳನಗದ್ದೆಯ ನಮ್ಮ ಪಕ್ಕದ ಮನೆಯ ಅಜ್ಜ ನೆನಪಾದ...

ಅಜ್ಜ ಮೀನುಗಾರರ ಮನೆಯವನು, ಸೈನ್ಯ ಸೇರಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕ. ಊರಿಗೆ ಬಂದದ್ದು ಕಾಣೆಯಾಗಿದ್ದಾನೆಂಬ ತಂತಿ ಮಾತ್ರ. ಮುಂದಿನ ಮಹಾಲಯ ಅಮಾವಾಸ್ಯೆಗೆ ಮನೆಯವರು ಅವನ ಹೆಸರಿನಲ್ಲೂ ಎಡೆ ಇಟ್ಟರಂತೆ. ಕಾಗೆ ಬಂತು, ನೋಡಿತು, ಮುಟ್ಟದೆ ಹಾರಿಹೋಯಿತು. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರು ಉಳಿದವರು. ಅವನ ತಾಯಿ ಮಾತ್ರ, ಮಗ ಬದುಕಿರುವುದಕ್ಕೇ ಕಾಗೆ ಮುಟ್ಟಲಿಲ್ಲವೆಂದು ಸೊಸೆಯ ಬಳೆ ತೆಗೆಯಲು ಬಿಡಲಿಲ್ಲ. ಆ ಚಳಿಗಾಲದಲ್ಲಿ ಅಜ್ಜ ಮರಳಿ ಬಂದ.

ಸೆರೆಯಲ್ಲಿ ಅವನೂ ಇನ್ನೊಬ್ಬ ಸೈನಿಕನೂ ಒಂದೇ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ಜ್ವರ ಬಂದ ಜೊತೆಗಾರನನ್ನು ಒಂದು ದಿನ ಹೊರಗೆ ಹೊತ್ತೊಯ್ದರು. ಅವನ ಪಾಲನ್ನು ಅಜ್ಜ ತೆಗೆದಿಟ್ಟ. ಅವನು ಮರಳಲಿಲ್ಲ. ಬಿಡುಗಡೆಯ ದಿನ ಗಡಿಯಲ್ಲಿ ಎಲ್ಲರ ಮುಖಗಳಲ್ಲಿ ಅವನನ್ನು ಹುಡುಕಿದೆ ಎನ್ನುತ್ತಿದ್ದ ಅಜ್ಜ.

ಪ್ರತಿವರ್ಷ ಮಹಾಲಯ ಅಮಾವಾಸ್ಯೆಯಂದು ಅಂಗಳದ ಗೋಡೆಯ ಮೇಲೆ ಆ ಜೊತೆಗಾರನ ಹೆಸರಿನಲ್ಲಿ ಅರ್ಧ ರೊಟ್ಟಿ ಇಡುತ್ತಿದ್ದ. ಕೋಲು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದ. ಸಂಜೆ ನನ್ನನ್ನು ಕರೆದು ತೋರಿಸುತ್ತಿದ್ದ.

"ನೋಡು ತಂಗಿ, ಕಾಗೆ ಮುಟ್ಟಲಿಲ್ಲ. ಅಂವ ಎಲ್ಲೋ ಇದ್ದಾನೆ."

"ಮುಟ್ಟೂಕೆ ಇವ್ರು ಬಿಟ್ರೆ ಅಲ್ದಾ?" ಎಂದು ಒಳಗಿನಿಂದ ಅಜ್ಜಿ ಛೇಡಿಸುತ್ತಿದ್ದಳು. ಅಜ್ಜ ನಗುತ್ತಿರಲಿಲ್ಲ.

ಹೋದ ವರ್ಷ ಅಮಾವಾಸ್ಯೆ ಕಳೆದ ಮೇಲೆ ಅಜ್ಜ ತೀರಿಕೊಂಡ.

ಬಸ್ ನಿಲ್ದಾಣದಲ್ಲಿ ರೊಟ್ಟಿ ಕಂಡದ್ದು ಈ ವರ್ಷದ ಅಮಾವಾಸ್ಯೆಯ ಮುನ್ನಾದಿನ. ಆ ಸಂಜೆ ಅಜ್ಜಿಯ ಮನೆಗೆ ಹೋದೆ. ಅವಳು ಬಾಳೆಎಲೆ ಒರೆಸುತ್ತಿದ್ದಳು. ಒರೆಸುತ್ತಲೇ ಕೇಳಿದಳು.

"ನಾಳೆ ಅವ್ರಿಗೆ ಎಡೆ ಇಡೂದು. ಕಾಗೆ ಬರ್ಬೇಕು, ಓಡ್ಸೂಕೆ ಆಗೂದಿಲ್ಲ. ಅವ್ರು ಇಡ್ತಿದ್ದ ಆ ರೊಟ್ಟಿಗೆ ಎಂತ ಮಾಡೂದು ತಂಗಿ?"



ಮರುದಿನ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಅಜ್ಜನ ಎಲೆ ಬಡಿಸಿ ಹಿಂದೆ ಸರಿಯುವಷ್ಟರಲ್ಲಿ ಕಾಗೆಗಳು ಇಳಿದವು. ಅನ್ನ, ಮೀನು, ಎಲ್ಲ ತಿಂದವು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನಾನು ಗೋಡೆಯ ಮೇಲೆ ಅರ್ಧ ರೊಟ್ಟಿ ಇಟ್ಟೆ. ಅಜ್ಜನ ಕೋಲು ಹಿಡಿದು ಪಕ್ಕದಲ್ಲಿ ಕೂತೆ.