ಮಿಸ್ತ್ರಿ ಕತ್ತರಿಸಿಟ್ಟ ಮಾತು

ಬೆಸುಗೆ ಹಾಕುವಾಗ ಕಾದ ಮೊನೆಗೆ ರಾಳ ತಗುಲಿ ಏಳುವ ಹೊಗೆಗೆ ಅದರದೇ ಒಂದು ವಾಸನೆಯಿದೆ. ಊದುಬತ್ತಿಯಷ್ಟು ಸಿಹಿಯಲ್ಲ, ಸುಟ್ಟ ಕಟ್ಟಿಗೆಯಷ್ಟು ಒರಟೂ ಅಲ್ಲ. ಹೋದ ಭಾನುವಾರ ಹಾವೇರಿಯಲ್ಲಿ, ಔಷಧ ಅಂಗಡಿ ನಡೆಸುವ ನನ್ನ ಗೆಳೆಯರ ಮನೆಗೆ ಹೋಗಿದ್ದೆ. ಅವರು ನೆಲದ ಮೇಲೆ ಕೂತು ತಮ್ಮ ಸ್ಪೀಕರಿನ ಹಿಂದೆ ಕಳಚಿದ್ದ ತಂತಿಯನ್ನು ಬೆಸೆಯುತ್ತಿದ್ದರು. ಆ ಹೊಗೆ ಮೂಗಿಗೆ ಬಂದದ್ದೇ ತಡ, ರಾಣೆಬೆನ್ನೂರಿನ ಮಿಸ್ತ್ರಿ ನೆನಪಾದರು. ಆ ಸ್ಪೀಕರು ಮಾಡಿದವರು ಅವರೇ. ಅವರು ತೀರಿ ಐದು ವರ್ಷವಾಯಿತು... ಆರೂ ಇರಬಹುದು. ನಾನು ಮಣ್ಣಿಗೆ ಹೋಗಿರಲಿಲ್ಲ. ಹೋಗಿದ್ದರೆ ವರ್ಷವಾದರೂ ಸರಿಯಾಗಿ ನೆನಪಿರುತ್ತಿತ್ತು.

ಊರೆಲ್ಲ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿತ್ತು. ನಾನು ಮೊದಲು ಕಂಡಾಗ ಅವರದು ಶೋರೂಮಲ್ಲ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಬಾಗಿಲಿನ ಒಂದು ಕೋಣೆ. ಒಂದು ಗೋಡೆಗೆ ಮೆರವಣಿಗೆಗಳಿಗೆ ಹೋಗುವ ಆಳೆತ್ತರದ ಕರಿಯ ಪೆಟ್ಟಿಗೆಗಳು, ಇನ್ನೊಂದು ಗೋಡೆಗೆ ನಮ್ಮಂಥ ನಾಲ್ಕು ಜನ ಹುಚ್ಚರಿಗಾಗಿ ಮಾಡಿದ ಸಣ್ಣ ಪೆಟ್ಟಿಗೆಗಳು. ‘ಅವು ಹೊಟ್ಟಿಗೆ, ಇವು ಕಿವಿಗೆ’ ಎನ್ನುತ್ತಿದ್ದರು. ಹಲಗೆ ಕೊಳ್ಳುವಾಗ ಕಲ್ಲಂಗಡಿ ಹಣ್ಣು ಪರೀಕ್ಷಿಸುವವರ ಹಾಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳುತ್ತಿದ್ದರು. ಕೇಳುವಾಗ ಕಣ್ಣು ಮುಚ್ಚುತ್ತಿದ್ದರು.

ನಾನು ಅಲ್ಲಿಗೆ ಮೊದಲು ಹೋದದ್ದು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ಒಂದು ಕ್ಯಾಸೆಟ್ಟು ಹಿಡಿದುಕೊಂಡು. ನಮ್ಮದು ಬ್ಯಾಡಗಿ. ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು, ಮನೆಗೂ ಚೀಲ ತಂದು ಅಂಗಳದಲ್ಲಿ ಹರವಿಕೊಂಡು ಕೂರುತ್ತಿದ್ದಳು. ಕಾಲೇಜು ಸೇರಿದ ಹೊಸದರಲ್ಲಿ, ಯಾರದೋ ಟೇಪ್‌ರೆಕಾರ್ಡರು ಕಡ ತಂದು, ಅವಳು ತೊಟ್ಟು ಮುರಿಯುತ್ತ ಹಾಡುತ್ತಿದ್ದ ಒಂದು ತವರಿನ ಪದವನ್ನು ಹಿಡಿದಿಟ್ಟಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ಆ ಕ್ಯಾಸೆಟ್ಟಿನ ಟೇಪು ಯಂತ್ರಕ್ಕೆ ಸಿಕ್ಕಿ ನುಲಿದುಹೋಯಿತು. ರಾಣೆಬೆನ್ನೂರಿನಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ, ಕೈ ಚಲೋ ಇದೆ ಎಂದು ಯಾರೋ ಹೇಳಿದರು.

ಅವರು ನುಲಿದ ಟೇಪನ್ನು ಉಗುರಿನಿಂದ ಸವರಿ ಸವರಿ ಬಿಡಿಸಿ, ಕತ್ತರಿಸಿ, ಅಂಟಿಸಿ ಕೊಟ್ಟರು. ಅವತ್ತಿನ ನನ್ನ ದಿನಚರಿಯಲ್ಲಿ ಇರುವುದು ಎರಡೇ ವಾಕ್ಯ: ‘ರಾಣೆಬೆನ್ನೂರಿಗೆ ಹೋಗಿ ಕ್ಯಾಸೆಟ್ ಸರಿ ಮಾಡಿಸಿದೆ. ಈಗ ಹಾಡು ಚೊಕ್ಕಟವಾಗಿದೆ.’ ಮುಂದಿನ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು.

ಆಮೇಲೆ ಬ್ಯಾಡಗಿಗೇ ಬಂದು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ಉಳಿದೆ. ತಿಂಗಳಿಗೊಮ್ಮೆಯಾದರೂ ಮಿಸ್ತ್ರಿಯ ಕೋಣೆಗೆ ಹೋಗುತ್ತಿದ್ದೆ. ಕೇಳುವುದನ್ನು ನನಗೆ ಕಲಿಸಿದವರು ಅವರು. ಹಾಡಿನ ಹಿಂದೆ ಹಾಡುವವರ ಉಸಿರು, ಉಸಿರಿನ ಹಿಂದೆ ಅವರು ಕೂತ ಕೋಣೆ... ಅವೆಲ್ಲ ಕೇಳಿಸುತ್ತವೆ ಎಂದು ತೋರಿಸಿಕೊಟ್ಟರು. ಅವ್ವ ಹೋದ ಸುದ್ದಿ ಹೇಳಿದ ದಿನ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆ ಮೌನವನ್ನು ನಾನು ಎಷ್ಟೋ ವರ್ಷ ಒಂದು ದೊಡ್ಡ ಸಮಾಧಾನವೆಂದು ಇಟ್ಟುಕೊಂಡಿದ್ದೆ.

ಅವರು ಮುಖ್ಯ ರಸ್ತೆಯಲ್ಲಿ ಶೋರೂಮು ತೆರೆದದ್ದು ಕೂದಲು ಪೂರ್ತಿ ಬೆಳ್ಳಗಾದ ಮೇಲೆ. ನೋಡಲು ಹೋದವರು ನಾವು ಮೂವರು. ಔಷಧ ಅಂಗಡಿಯ ಗೆಳೆಯರು ಮತ್ತು ಹಾವೇರಿ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ಇನ್ನೊಬ್ಬ ಗೆಳೆಯರು ಹಾವೇರಿಯಲ್ಲಿ ರೈಲು ಹತ್ತಿ ಬಂದರು, ನಾನು ಬ್ಯಾಡಗಿಯಲ್ಲಿ ಹತ್ತಿದೆ. ಭಾನುವಾರಗಳಲ್ಲಿ ಒಬ್ಬರ ಮನೆಯಲ್ಲಿ ಕೂಡಿ ಹಾಡು ಕೇಳುವುದು, ಯಾರ ಸ್ಪೀಕರು ಚೆನ್ನ ಎಂದು ಜಗಳಾಡುವುದು ನಮ್ಮ ರೂಢಿ.

ಗಾಜಿನ ಬಾಗಿಲು, ಏಸಿ, ನೆಲಕ್ಕೆ ದಪ್ಪ ಜಮಖಾನೆ. ಚಪ್ಪಲಿ ಹೊರಗೆ ಬಿಡಿಸಿದರು. ಎದುರಿನ ಗೋಡೆಗೆ ಅಡ್ಡಲಾಗಿ ನೀಲಿ ಪರದೆ, ಅದರ ಹಿಂದೆ ಮೂರು ಜೋಡಿ ಸ್ಪೀಕರು. ಯಾವುದು ಎಲ್ಲಿದೆ ಎಂದು ಕಾಣಬಾರದು. ಕಣ್ಣು ಮೊದಲು ನೋಡಿದರೆ ಕಿವಿ ಅದರ ಹಿಂದೆ ಹೋಗುತ್ತದೆ ಎಂಬುದು ಅವರ ಮತ.

“ಕುಂದರ್ರಿ. ಎರಡ ನಿಮಿಷ ಯಾರೂ ಮಾತಾಡಬ್ಯಾಡ್ರಿ. ಕಿವ್ಯಾಗ ಹೊಕ್ಕ ರಸ್ತಾ ಮೊದಲ ಹೊರಗ ಹೋಗಲಿ” ಎಂದರು. ಕೂತೆವು. ಆಮೇಲೆ, “ಮೂರರಾಗ ಯಾವದು ಖರೇ ಅನ್ನೋದನ್ನ ನೀವ ಹೇಳಬೇಕು. ಹಾಡು ಹಚ್ಚಂಗಿಲ್ಲ. ಹಾಡು ಮೋಸ ಮಾಡತೈತಿ, ಕೆಟ್ಟ ಪೆಟ್ಟಿಗ್ಯಾಗೂ ಚಂದ ಕೇಳತೈತಿ. ಮಾತು ಹಂಗಲ್ರಿ. ಹುಟ್ಟಿದಾಗಿಂದ ಕೇಳೇವಿ, ಒಂದ ಕೂದಲಷ್ಟು ಹೆಚ್ಚುಕಮ್ಮಿ ಆದ್ರೂ ಕಿವಿ ಹಿಡಿತೈತಿ” ಎಂದು ಲ್ಯಾಪ್‌ಟಾಪಿನ ಗುಂಡಿ ಒತ್ತಿದರು.

ಮೊದಲು ತೊಟ್ಟು ಮುರಿಯುವ ಸದ್ದು. ಚಟ್... ಚಟ್... ಬ್ಯಾಡಗಿಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಒಂದು ಹೆಣ್ಣುದನಿ ಉಸಿರು ಎಳೆದುಕೊಂಡಿತು, ಜೋರಾಗಿ ಸೀನಿತು. ಇನ್ನೊಮ್ಮೆ ಸೀನಿತು.

“ಅಯ್ಯ, ನನ್ನ ಮ್ಯಾಲೆ ಸಿಡೀತಲ್ರೀ!” ಎಂದು ಟೈಪಿಸ್ಟ್ ಗೆಳೆಯರು ಮುಖ ಒರೆಸಿಕೊಂಡರು.

“ಮಿಸ್ತ್ರಿ, ಈ ಮುದುಕಿ ವಿಳಾಸ ಕೊಡ್ರಿ, ನೆಗಡಿ ಗುಳಿಗಿ ಕಳಸ್ತೇನಿ” ಎಂದರು ಔಷಧ ಅಂಗಡಿಯವರು.

ಎಲ್ಲರೂ ನಕ್ಕರು. ಮಿಸ್ತ್ರಿಯೂ ನಕ್ಕರು. ನಾನೂ ನಕ್ಕೆನೇ? ನಕ್ಕಿರಬಹುದು. ಆ ಕ್ಷಣದಲ್ಲಿ ನನಗಿನ್ನೂ ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಲು ಇಷ್ಟಪಡುತ್ತೇನೆ. ಆದರೆ ನಗುವಿನ ನಡುವೆಯೇ ಆ ದನಿ ನನ್ನ ಮನೆಯ ಹೆಸರು ಹಿಡಿದು ಕರೆಯಿತು. ಅವ್ವ ಬಿಟ್ಟರೆ ಬೇರೆ ಯಾರೂ ಕರೆಯದ ಹೆಸರು ಅದು. ಕರೆದು, ಏನೋ ಒಂದು ಮಾತು ಹೇಳಿತು. ಅಲ್ಲಿಗೆ ಮುಗಿಯಿತು.

ಮಿಸ್ತ್ರಿ ಅದನ್ನೇ ಎರಡನೆಯ ಜೋಡಿಯಲ್ಲಿ ಹಾಕಿದರು. ಮತ್ತೆ ಮೂರನೆಯದರಲ್ಲಿ. ಗೆಳೆಯರು ತಲೆದೂಗುತ್ತ, ಎರಡನೆಯದರಲ್ಲಿ ಮೂಗು ಕಟ್ಟಿದ ಹಾಗೆ ಕೇಳಿತು, ಮೂರನೆಯದರಲ್ಲಿ ಎದುರಿಗೇ ಕೂತ ಹಾಗಿತ್ತು ಎಂದು ವಾದಕ್ಕೆ ಬಿದ್ದರು. ಮುದುಕಿ! ಆ ಹಾಡು ಹಿಡಿದಾಗ ಅವ್ವನಿಗೆ ನಲವತ್ತೂ ಆಗಿರಲಿಲ್ಲ.

ನನ್ನ ಕ್ಯಾಸೆಟ್ಟಿನಲ್ಲಿ ಈ ಮಾತು ಇರಲಿಲ್ಲ. ಟೇಪು ನುಲಿಯುವ ಮೊದಲು ಇತ್ತೇ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಲ್ಲಿರುವುದು ಹಾಡು ಮಾತ್ರ. ಹಾಡಿನ ನಡುವೆ, ಮೂರನೆಯ ನುಡಿ ಮುಗಿದು ನಾಲ್ಕನೆಯದು ಏಳುವಲ್ಲಿ, ಅವಳು ಉಸಿರನ್ನು ತಟ್ಟನೆ ನುಂಗಿದಂತೆ ಒಂದು ತಡೆ ಬರುತ್ತದೆ. ಅದು ಅವ್ವನ ಹಾಡಿನ ಬೆಡಗು ಎಂದು ನಂಬಿದ್ದೆ. ಹೆಂಡತಿಗೆ ಹೇಳಿದ್ದೆ, ಇದೇ ಗೆಳೆಯರಿಗೂ ಒಮ್ಮೆ ವಿವರಿಸಿದ್ದೆ, ಹಳೆಯ ಹೆಣ್ಣುಮಕ್ಕಳು ಹೀಗೆ ಉಸಿರು ಹಿಡಿಯುತ್ತಿದ್ದರು ಎಂದು. ಇಷ್ಟು ವರ್ಷ ನಾನು ಪ್ರೀತಿಸಿದ ಆ ಉಸಿರು ಅವ್ವನದಲ್ಲ, ಮಿಸ್ತ್ರಿಯ ಕತ್ತರಿಯದು.

ಗೆಳೆಯರು ಚಹಾಕ್ಕೆಂದು ಹೊರಗೆ ಹೋದರು. ನಾನು ಕೂತೇ ಇದ್ದೆ.

“ಅದು ನಮ್ಮವ್ವನ ದನಿ” ಎಂದೆ.

ಮಿಸ್ತ್ರಿ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. “ಗೊತ್ತೈತ್ರಿ” ಎಂದರು.

“ಗೊತ್ತಿದ್ದೂ...?”

“ಅವತ್ತ ನಿಮ್ಮನ್ನ ಕೇಳಿದ್ದೆ. ಹಾಡಿನ ನಡಕ ಸೀನು, ಮಾತು ಐತ್ರಿ, ಟೇಪು ಅಲ್ಲೇ ನುಲದೈತಿ, ಏನ್ ಮಾಡ್ಲಿ ಅಂತ. ತಗದ ಒಗೀರಿ, ಹಾಡು ಚೊಕ್ಕಟ ಇರಲಿ ಅಂದ್ರಿ. ನನಗ ಒಗ್ಯಾಕ ಮನಸ್ ಆಗಲಿಲ್ಲ.”

“ಸುಳ್ಳು” ಎಂದೆ. ಅಷ್ಟು ದೊಡ್ಡವರಿಗೆ ನಾನು ಎಂದೂ ಹಾಗೆ ಅಂದವನಲ್ಲ.

ಅವರು ಸಿಟ್ಟಾಗಲಿಲ್ಲ. “ತಾಯಿ ಹೋದ್ರು ಅಂತ ನೀವು ಬಂದ ಹೇಳಿದ ದಿನ ಬಾಯಿ ತುದಿಗೆ ಬಂದಿತ್ರಿ. ಹೇಳಿದ್ರ ಒಯ್ತಿದ್ರಿ. ನನ್ನ ಕಿವಿ ಅದಕ್ಕ ಹೊಂದಿಬಿಟ್ಟಿತ್ತು. ಒಂದೊಂದು ಪೆಟ್ಟಿಗೀನೂ ಆ ತಾಯಿ ಮಾತು ಕೇಳಿ ಕೇಳೇ ತಿದ್ದೇನಿ.”

ಆ ಮೌನಕ್ಕೆ ಅರ್ಥ ಅದಾಗಿತ್ತು. ನಾನು ಅಳುತ್ತ ಕೂತಿದ್ದಾಗ, ಅವ್ವನ ದನಿ ಅದೇ ಕೋಣೆಯ ಯಾವುದೋ ಡಬ್ಬಿಯಲ್ಲಿತ್ತು, ಅವರಿಗೆ ಅದು ಗೊತ್ತಿತ್ತು. ಆಮೇಲಿನ ಇಪ್ಪತ್ತು ವರ್ಷ ನನಗೆ ಚಹಾ ತರಿಸಿ ಕೊಟ್ಟಾಗಲೂ ಗೊತ್ತಿತ್ತು.

“ಅಳಸ್ರಿ” ಎಂದೆ.

“ಮೂಲದ ಟೇಪು ಬೂಷ್ಟ ಹಿಡದು ಹೋಗೈತ್ರಿ. ಉಳದಿದ್ದು ಇದೊಂದ.”

“ಅಳಸ್ರಿ. ನನ್ನ ಮುಂದನ.”

ಅವರು ಅಳಿಸಿದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಖಚಿತವೇ ಎಂದು ಕೇಳುವ ಚೌಕ ಬಂದಾಗ ಒಮ್ಮೆ ನನ್ನ ಮುಖ ನೋಡಿದರು. ಪ್ರತಿ ಬೇಕೇ ಎಂದು ಕೇಳಿದರೋ ಇಲ್ಲವೋ... ಕೆಲವು ದಿನ ಕೇಳಿದರು ಅನಿಸುತ್ತದೆ, ಕೆಲವು ದಿನ ಇಲ್ಲ ಅನಿಸುತ್ತದೆ. ನಾನು ಬೇಕು ಅನ್ನಲಿಲ್ಲ, ಅದು ಮಾತ್ರ ಖಚಿತ. ಬೇಕು ಅಂದಿದ್ದರೆ ಅವರ ಕೈಯಿಂದ ಪಡೆದಂತಾಗುತ್ತಿತ್ತು. ಅವತ್ತಿನ ಸಿಟ್ಟಿಗೆ ಅಷ್ಟು ಸಣ್ಣದೂ ಸಹಿಸಲಾಗಲಿಲ್ಲ. ದಿನಚರಿಯಲ್ಲಿ ‘ಮಿಸ್ತ್ರಿ ಮೋಸ ಮಾಡಿದರು’ ಎಂದು ಬರೆದು ಮುಚ್ಚಿದೆ. ಮತ್ತೆ ಆ ಕಡೆ ಹೋಗಲಿಲ್ಲ. ಔಷಧ ಅಂಗಡಿಯವರು ಅಂದು ಮೆಚ್ಚಿದ ಮೂರನೆಯ ಜೋಡಿಯನ್ನೇ ಮುಂದೆ ಕೊಂಡರು. ಮಿಸ್ತ್ರಿ ತೀರಿದ ಸುದ್ದಿ ಟೈಪಿಸ್ಟ್ ಗೆಳೆಯರು ಫೋನಿನಲ್ಲಿ ಹೇಳಿದಾಗ, ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದೆ ಎಂದೆ. ಇತ್ತು ಕೂಡ.

ಶೋರೂಮಿದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಯಿದೆ.

ಒಂದು ವಿಷಯ ನನ್ನನ್ನು ಬಿಡುವುದಿಲ್ಲ. ಅವರು ಹೇಳಿದ್ದು ನಿಜವಿದ್ದರೆ? ‘ಚೊಕ್ಕಟ’ ಎಂಬ ಮಾತು ಅವರ ಬಾಯಿಯಲ್ಲಿ ಬಂದಾಗ ನನಗೆ ಅದು ಎಲ್ಲಿಯೋ ಕಂಡ ಪದ ಅನಿಸಿತ್ತು. ವರ್ಷಗಳ ಮೇಲೆ ಹಳೆಯ ದಿನಚರಿ ತೆಗೆದಾಗ ಅದು ನನ್ನದೇ ಅಕ್ಷರದಲ್ಲಿ ಇತ್ತು. ಹಾಸ್ಟೆಲಿನ ಹುಡುಗರಿಗೆ ಅವ್ವನ ಹಾಡು ಕೇಳಿಸುತ್ತಿದ್ದೆ, ಅವಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಿಗೂ ಹೇಳಿರಲಿಲ್ಲ. ಮೆಣಸಿನಕಾಯಿಯ ಘಾಟಿಗೆ ಸೀನುವ ತಾಯಿಯನ್ನು ತೆಗೆದು, ಹಾಡುವ ತಾಯಿಯನ್ನು ಮಾತ್ರ ಇಟ್ಟುಕೊಡಿ ಎಂದು ಅಂದು ನಾನಾಗಿದ್ದ ಆ ಹುಡುಗ ಹೇಳಿರಲಾರ ಎಂದು ಹೇಗೆ ಆಣೆ ಮಾಡಲಿ? ಆಗ ಅವಳು ಬದುಕಿದ್ದಳು. ಬೇಕಾದಾಗ ಕೇಳಬಹುದಾದ ದನಿ ಅದು. ಹಾಗಿದ್ದರೂ ಮಿಸ್ತ್ರಿಯ ಮೇಲಿನ ಸಿಟ್ಟು ಇಳಿಯುವುದಿಲ್ಲ. ನಾನು ಒಗೆಯಿರಿ ಎಂದಿರಬಹುದು, ಅವರು ಬಚ್ಚಿಟ್ಟದ್ದಂತೂ ಹೌದು. ನನ್ನೆದುರು ಅವತ್ತು ಯಾಕೆ ಹಾಕಿದರು ಎಂಬುದೂ ಬಗೆಹರಿದಿಲ್ಲ. ಮರೆತರೇ? ಇಲ್ಲವೇ, ಬಾಯಲ್ಲಿ ಹೇಳಲಾಗದ್ದನ್ನು ಪರದೆಯ ಹಿಂದಿನಿಂದ ಹೇಳಿಸಿದರೇ?

ಹೋದ ಭಾನುವಾರ ತಂತಿ ಬೆಸೆದು ಮುಗಿಸಿದ ಔಷಧ ಅಂಗಡಿಯವರು ಸ್ಪೀಕರಿನ ತಲೆ ತಟ್ಟಿ ಹೇಳಿದರು, “ನೆನಪೈತೇನ್ರಿ ಸರ್, ಆ ಮುದುಕಿ ಸೀನಿದ್ದು? ಮರುವಾರ ಇದನ್ನ ಒಯ್ಯಾಕ ಹೋದಾಗ ಕೇಳಿದೆ, ಇನ್ನೊಮ್ಮೆ ಹಚ್ಚ್ರಿ ಅಂತ. ಇಲ್ಲ ಅಂದ್ರು. ಯಾರೋ ಏನೋ ಆಕಿ.”

ಅವರಿಗೆ ನಾನು ಇವತ್ತಿಗೂ ಹೇಳಿಲ್ಲ. “ಏನೋ ಮಾತಾಡಿದ್ಲಲ್ಲ ಆಮ್ಯಾಲೆ, ಏನದು?” ಎಂದೆ, ಸುಮ್ಮನೆ ಕೇಳುವವನ ಹಾಗೆ.

ನನ್ನ ನೆನಪಿನಲ್ಲಿ ಅವ್ವ ಹೇಳಿದ್ದು ಹೀಗೆ: ನನ್ನ ದನಿ ಹಿಡಕೊಂಡು ಏನ್ ಮಾಡ್ತಿ, ನಾ ಎಲ್ಲಿ ಹೊಕ್ಕೇನಿ? ಇಷ್ಟು ವರ್ಷ ಆ ಮಾತಿನ ಮೇಲೆಯೇ ನನ್ನ ದುಃಖವನ್ನೆಲ್ಲ ಕಟ್ಟಿಕೊಂಡಿದ್ದೇನೆ.

ಗೆಳೆಯರು ಒಂದು ಕ್ಷಣ ಯೋಚಿಸಿ, ಗಂಟಲು ತೆಳ್ಳಗೆ ಮಾಡಿ, ಎರಡು ಸಲ ಸೀನಿ, “ಕೈ ತೊಳಕೊಂಡು ಮುಟ್ಟೋ ಅದನ್ನ, ಖಾರ ಹತ್ತತೈತಿ!” ಎಂದರು. ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು.

“ಖರೇ ಹಂಗ ಅಂದ್ಲೇನು?”

“ಖರೇ ಅಂದ್ರ? ಮೂರು ಸಲ ಕೇಳೇನಲ್ರಿ. ಕೈ ತೊಳಕೊಂಡು ಮುಟ್ಟೋ ಅಂತ. ಅದಕ್ಕ ಮತ್ತ ನಾವು ನಕ್ಕಿದ್ದು.”

ನನ್ನದು ಯಾರೋ ಕೂತು ತಿದ್ದಿ ಬರೆದ ವಾಕ್ಯದಂತಿದೆ. ಅವರದು ಅಂಗಳದಲ್ಲಿ ಕೂತ ಹೆಂಗಸಿನ ಮಾತಿನಂತಿದೆ. ತೀರ್ಮಾನ ಮಾಡಬಹುದಾಗಿದ್ದ ಒಂದೇ ಸಾಕ್ಷಿಯನ್ನು ನಾನು ಎದುರಿಗೆ ನಿಂತು ಅಳಿಸಿದ್ದೇನೆ.

“ಇನ್ನೊಮ್ಮೆ ಅನ್ರಿ” ಎಂದೆ. ಅವರು ಇನ್ನೊಮ್ಮೆ ಸೀನಿದರು, ಇನ್ನೊಮ್ಮೆ ಅಂದರು.

ಸಂಜೆಯ ರೈಲಿಗೆ ಬ್ಯಾಡಗಿಗೆ ಬಂದೆ. ಮನೆಯಲ್ಲಿ ಕ್ಯಾಸೆಟ್ಟು ತೆಗೆಯಲು ಕಪಾಟಿಗೆ ಕೈ ಹಾಕಿದವನು, ಕೈ ಹಿಂದಕ್ಕೆ ತೆಗೆದು, ಬಚ್ಚಲಿಗೆ ಹೋಗಿ ತೊಳೆದುಕೊಂಡು ಬಂದೆ.