ಹಗ್ಗದ ಗಾಲಿಯ ಸದ್ದು

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಬೈಕ್ ರಿಪೇರಿ ಮಾಡುವ ಮೊಹ್ಸಿನ್, ಹಿಂದೆ ಆರು ವರ್ಷ ಹಿಮಾಲಯದ ಒಂದು ಬೆಟ್ಟದಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿ ದೊಡ್ಡ ಗಾಲಿಗಳ ಮೇಲೆ ಓಡುವ ಉಕ್ಕಿನ ಹಗ್ಗವೊಂದು ಪುಟ್ಟ ರೈಲನ್ನು ಕಡಿದಾದ ಹಳಿಯ ಮೇಲೆ ಎಳೆಯುತ್ತಿತ್ತು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಡುವವರು, ಬೇಸಿಗೆಯಲ್ಲಿ ಚಾರಣಕ್ಕೆ ಬಂದವರು ಅದರಲ್ಲಿ ಮೇಲೆ ಹೋಗುತ್ತಿದ್ದರು. ಭದ್ರಾವತಿಯಲ್ಲಿದ್ದ ಅಪ್ಪನಿಗೆ ಲಕ್ವಾ ಹೊಡೆದಾಗ ಮೊಹ್ಸಿನ್ ಕೆಲಸ ಬಿಟ್ಟು ಬಂದ. ಅಪ್ಪ ತೀರಿಕೊಂಡ ಮೇಲೂ ಹಿಂತಿರುಗಲಾಗಲಿಲ್ಲ. ಅಷ್ಟರಲ್ಲಿ ಮದುವೆಯಾಗಿ ಮಗಳು ಹುಟ್ಟಿದ್ದಳು.

ಮೊನ್ನೆ, ಈಗಲೂ ಆ ಬೆಟ್ಟದ ರೈಲಿನಲ್ಲೇ ಕೆಲಸ ಮಾಡುವ ಹಳೆಯ ಗೆಳೆಯ ತಾಶಿ ವಿಡಿಯೋ ಕಾಲ್ ಮಾಡಿ, ಈ ವರ್ಷದ ಮೊದಲ ಹಿಮ ತೋರಿಸಿದ.

"ಹಿಮ ಇರ್ಲಿ, ಫೋನನ್ನ ಹಗ್ಗದ ಗಾಲಿ ಹತ್ರ ಹಿಡಿ" ಎಂದ ಮೊಹ್ಸಿನ್. ಕಣ್ಣು ಮುಚ್ಚಿ ಆ ಗರಗರ ಸದ್ದು ಕೇಳಿದ. "ಎಡಗಡೆ ಬೇರಿಂಗ್ ಒಣಗಿದೆ. ಗ್ರೀಸ್ ಹಾಕು."

"ನೀನೇ ಬಂದು ಹಾಕು" ಎಂದು ತಾಶಿ ನಕ್ಕ.

ಮೊಹ್ಸಿನ್‌ಗೆ ನಗು ಬರಲಿಲ್ಲ. ಅಂಗಡಿಗೆ ಊಟದ ಡಬ್ಬಿ ತಂದಿದ್ದ ಹೆಂಡತಿ ರುಬೀನಾ ಎಲ್ಲ ಕೇಳುತ್ತ ನಿಂತಿದ್ದಳು.

"ಮಗೂದು ಪರೀಕ್ಷೆ ಮುಗೀಲಿ, ನಮಗೂ ಒಂದ್ಸಲ ಆ ರೈಲು ತೋರ್ಸಿ" ಎಂದಳು.

"ತೋರಿಸ್ತೀನಿ" ಎಂದ. ಆದರೆ ಆರು ವರ್ಷ ತಾನೇ ರಿಪೇರಿ ಮಾಡಿದ ಆ ರೈಲಿನಲ್ಲಿ ಎಲ್ಲರಂತೆ ಟಿಕೆಟ್ ತೆಗೆದು ಕೂರುವುದು ಅವನಿಗೆ ಬೇಡವಾಗಿತ್ತು. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ, ಕೈ ತೊಳೆದು ಊಟಕ್ಕೆ ಕುಳಿತ.